ತೋಯಿಸಿದ ಕೌದಿ

ಅಣ್ಣ ಗೋವಾದಿಂದ ತಂದ ರೋಗ ಅತ್ತಿಗೆಗೆ ಹತ್ತಲಿಲ್ಲ. ಹತ್ತದಂತೆ ನೋಡಿಕೊಂಡವನು ಅವನೇ. ಹತ್ತಲಿ ಎಂಬಂತೆ ನಡೆದವಳು ನಾನು.

ಎಂಬತ್ತರ ದಶಕದ ಕೊನೆಯ ಮಾತು. ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗ ಒಂದೇ, ಉಣ್ಣುವವರು ಹೆಚ್ಚು. ಅಣ್ಣ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಗಂಡ ತೀರಿದ ಮೇಲೆ ನಾನು ತವರಿನಲ್ಲೇ ಇದ್ದೆ. ಆ ಸಲ ಅಣ್ಣ ಎರಡು ವರ್ಷದ ಮೇಲೆ, ಸೊರಗಿ ಬಂದ. ಬರುವಾಗ ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೈದು ದಿನ ಇದ್ದು ಬಂದಿದ್ದನೆಂಬುದು ನಮಗೆ ಗೊತ್ತಿರಲಿಲ್ಲ.

ಬಂದವನೇ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಪಕ್ಕ ಹಾಸಿಕೊಂಡ.

"ಬನಶಂಕರಿಗೆ ನೇಮ ಹಿಡದೇನಿ. ಇನ್ನ ಒಬ್ಬನ ಮಲಗಾಂವ."

ಅತ್ತಿಗೆ ಒಳಗಿನಿಂದ ಅವನ ದಿಂಬು ತಂದು ಕೊಟ್ಟಳು. ಆಕೆಯ ಮುಖ ನೋಡಿ ನನಗೆ ಉರಿಯಿತು.

"ಗೋವಾದಾಗ ಯಾರನ್ನ ಇಟಗೊಂಡೀಯೋ, ಸನ್ಯಾಸಿ?"

"ನಿನ್ನ ನಾಲಿಗಿಗೂ ಒಂದು ನೇಮ ಹಿಡಿ, ತಂಗಿ," ಎಂದು ನಕ್ಕ.

ಚಳಿಗಾಲ. ಅತ್ತಿಗೆ ಹಳೆ ಸೀರೆ ಸೇರಿಸಿ ಹೊಲಿದಿದ್ದ ಅವನ ಕೌದಿಯನ್ನು ಒಂದು ಸಂಜೆ ಬಕೀಟಿನಲ್ಲಿ ಅದ್ದಿಬಿಟ್ಟೆ. ಹೊದಿಕೆಯಿಲ್ಲದಿದ್ದರೆ ಒಳಗೆ ಅತ್ತಿಗೆಯ ಕೋಣೆಗೆ ಹೋಗಲೇಬೇಕಲ್ಲ ಎಂಬುದು ನನ್ನ ಜಾಣತನ. ಅಣ್ಣ ಅದನ್ನು ಹಿಂಡಿ ಹಗ್ಗಕ್ಕೆ ಹಾಕಿದ. ನೂಲು ತಂದ ಖಾಲಿ ಗೋಣಿಚೀಲ ಹೊದ್ದು ಬರಿ ಕಲ್ಲಿನ ಮೇಲೆ ಮಲಗಿದ. ಮತ್ತೆರಡು ಸಲ ತೋಯಿಸಿದೆ. ಒಮ್ಮೆಯೂ ಒಳಗೆ ಹೋಗಲಿಲ್ಲ. ಕೆಮ್ಮು ಎದೆಗಿಳಿಯಿತು.

ನಾನೇ ಬಾಗಲಕೋಟೆಗೆ ಕರೆದೊಯ್ದೆ. ಡಾಕ್ಟರು ಅವನನ್ನು ಗುರುತಿಸಿದರು. ಮೊದಲು ಕೇಳಿದ್ದು ಕೆಮ್ಮಿನ ಬಗ್ಗೆ ಅಲ್ಲ.

"ಹೆಂಡ್ತಿ ಹತ್ರ ಹೋಗಬ್ಯಾಡ ಅಂದಿದ್ದೆ. ಹೋದಿ ಏನು?"

"ಇಲ್ರಿ, ಸಾಹೇಬ್ರ. ಆಕಿ ಆರಾಮ ಅದಾಳ್ರಿ."

ಆಮೇಲೆ ನನಗೂ ಬಿಡಿಸಿ ಹೇಳಿದರು. ಹೊಸ ರೋಗ, ಔಷಧವಿಲ್ಲ. ಗಂಡನಿಂದ ಹೆಂಡತಿಗೆ ಹತ್ತುತ್ತದೆ. ಕೂಡಿ ಉಂಡರೆ, ಮುಟ್ಟಿದರೆ ಹತ್ತುವುದಿಲ್ಲ.

ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಹೇಳಿಬಿಟ್ಟೆ.

"ಅಣ್ಣಾ, ಕೌದಿ ತೋಯಿಸಿದಾಕಿ ನಾನ."

"ಗೊತ್ತೈತಿ. ಮನ್ಯಾಗ ಇಂಥಾ ಹಟಮಾರಿ ಬ್ಯಾರೆ ಯಾರದಾರ?" ಗಾಳಿ ಬರುತ್ತಿದ್ದ ಕಿಟಕಿ ಎಳೆದು ಮುಚ್ಚಿದ. "ಅಲ್ಲಿ ತಪ್ಪಿದ್ದು ಖರೆ. ಇಲ್ಲಿ ತಪ್ಪಬಾರದು ಅಂತ ಇತ್ತು."

ಆ ವರ್ಷದ ಯುಗಾದಿಯನ್ನು ಅವನು ಕಾಣಲಿಲ್ಲ. ಅತ್ತಿಗೆಯ ರಕ್ತದಲ್ಲಿ ಏನೂ ಸಿಗಲಿಲ್ಲ.

ನಾನು ಮೂರನೇ ಇಯತ್ತೆಯವರೆಗಾದರೂ ಓದಿದವಳು. ಅವನು ಶಾಲೆಯನ್ನೇ ಕಂಡವನಲ್ಲ. ನನ್ನಿಂದ ಬೈಸಿಕೊಂಡು, ಚಳಿಯಲ್ಲಿ ನಡುಗಿ, ತನ್ನ ಮನೆಯದೇ ಒಂದು ಹೊಸ್ತಿಲು ದಾಟದೆ ಉಳಿದ. ಸವೆದುಹೋದ ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೆಂದು ಇಂದಿಗೂ ಬೆರಗಾಗುತ್ತೇನೆ.

ಅತ್ತಿಗೆಯ ತಲೆ ಈಗ ಬೆಳ್ಳಗಾಗಿದೆ. ಅದೇ ಕೌದಿ ಹೊದೆಯುತ್ತಾಳೆ. ಬಕೀಟಿನ ಸಂಗತಿ ಆಕೆಗೆ ಇನ್ನೂ ಹೇಳಿಲ್ಲ.