ನಾನು ಹಚ್ಚಿದ ಸುಡುಮಣ್ಣು

ಮೂರು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ವಾರವಾಗಿತ್ತು. ಅಂಕೋಲೆಯ ಅಗಸೂರಿನಲ್ಲಿ ನಮ್ಮ ಮನೆ ಬೆಟ್ಟದ ಬುಡದಲ್ಲೇ ಇದೆ. ಬಸಳೆ, ಹರಿವೆ ಹಾಕುವ ಮುಂಚೆ ನಾವು ಸುಡುಮಣ್ಣು ಮಾಡುತ್ತೇವೆ. ದರಕು, ಅಂದರೆ ಉದುರಿದ ಒಣ ಎಲೆ, ಅದನ್ನೂ ಮಣ್ಣನ್ನೂ ಪದರ ಪದರವಾಗಿ ಒಟ್ಟಿ ಬೆಂಕಿ ಕೊಟ್ಟರೆ ಒಳಗೊಳಗೇ ಬೇಯುತ್ತದೆ. ಒಳ್ಳೆ ಗೊಬ್ಬರ.

ಬೆಂಕಿ ಕೊಡುವ ಮುಂಚೆ ಅತ್ತೆ ಬೆಟ್ಟದಂಚಿನ ದರಕನ್ನು ಮುಷ್ಟಿಯಲ್ಲಿ ಹಿಂಡಿ ನೋಡುವವರು. ಇಬ್ಬನಿಗೆ ಮೆತ್ತಗಿದ್ದರೆ ಸರಿ, ಪುಡಿಯಾದರೆ ಆ ದಿನ ಬೆಂಕಿಯ ಸುದ್ದಿಯೇ ಇಲ್ಲ. ನನಗೋ ಎಲ್ಲದಕ್ಕೂ ಅವಸರ. ಆ ವರ್ಷ ಮಳೆ ಬೇಗ ಹೋಗಿತ್ತು, ಇಬ್ಬನಿ ಬಿದ್ದದ್ದೇ ಕಾಣೆ.

"ನಾ ದರಕು ಗುಡ್ಸಕಂಡು ಬರ್ತೆ, ಗಂಜಿ ಇಳ್ಸಿಡು ಮಗಾ" ಎಂದು ಅತ್ತೆ ಬುಟ್ಟಿ ಹಿಡಿದು ಬೆಟ್ಟ ಹತ್ತಿದರು. ಅವರು ಬರುವುದರೊಳಗೆ ಕೆಲಸ ಮುಗಿಸೋಣವೆಂದು ನಾನು ಹಿತ್ತಲಲ್ಲಿ ಒಟ್ಟಿಟ್ಟಿದ್ದ ರಾಶಿಗೆ ಕಡ್ಡಿ ಗೀರಿ ಬೆಂಕಿ ಕೊಟ್ಟೆ. ಹಿಂಡಿ ನೋಡಲಿಲ್ಲ.

ಗಂಜಿ ಇಳಿಸಿ ಹೊರಗೆ ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಬೆಂಕಿ ಬೇಲಿ ದಾಟಿ ಅಕೇಶಿಯಾ ತೋಪಿಗೆ ನುಗ್ಗಿತ್ತು. ಮೊದಲು ಅಲ್ಲಿ ಮತ್ತಿ, ಹೊನ್ನೆ, ನೇರಳೆ ಇದ್ದವಂತೆ. ಅವನ್ನು ಕಡಿದು ಅರಣ್ಯ ಇಲಾಖೆಯವರು ಅಕೇಶಿಯಾ ನೆಟ್ಟದ್ದು. ಅದರ ಎಲೆ ಬೇಗ ಕೊಳೆಯುವುದಿಲ್ಲ, ಒಣಗಿ ಬಿದ್ದದ್ದೆಲ್ಲ ಚಟಪಟ ಉರಿಯುತ್ತಿತ್ತು. ಹಸಿ ಸೊಪ್ಪಿನಿಂದ ಬಡಿಯುತ್ತಾ "ಅತ್ತೇ, ಅತ್ತೇ" ಎಂದು ಕೂಗಿದೆ. ಅಕ್ಕಪಕ್ಕದವರು ಓಡಿ ಬಂದರು.

ಉರಿ ತಗ್ಗಿದ ಮೇಲೆ ಅತ್ತೆಯನ್ನು ಹುಡುಕುತ್ತಾ ಬೆಟ್ಟದ ಹಳ್ಳದ ಕಡೆ ಓಡಿದೆವು. ಅಲ್ಲಿ ಕಡಿಯದೆ ಉಳಿದ ನಾಲ್ಕಾರು ಮುರುಗಲು, ಅಂದರೆ ಕೋಕಂ, ಮರಗಳಿವೆ. ಅವುಗಳ ಅಡಿಯ ನೆಲ ಇನ್ನೂ ಒದ್ದೆ. ಬೆಂಕಿ ಅಲ್ಲಿಗೆ ಬಂದು ನಿಂತಿತ್ತು. ಅತ್ತೆ ಒದ್ದೆ ಸೆರಗನ್ನು ಮೂಗಿಗೆ ಹಿಡಿದು ಕುಳಿತಿದ್ದರು.

"ಅಳ್ಬೇಡ ಮಾರಾಯ್ತಿ, ನಾ ಸತ್ತಿಲ್ಲ. ಹೊಗೆ ಕಂಡದ್ದೇ ಇಲ್ಲಿಗೆ ಬಂದೆ. ಬುಟ್ಟಿ ಒಂದು ಸುಟ್ಟೋಯ್ತು" ಎಂದರು.

ಮರುದಿನ ಫಾರೆಸ್ಟ್ ಗಾರ್ಡ್ ಬಂದು ಯಾರು ಹಚ್ಚಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಯಾರೋ ಬೀಡಿ ಒಗ್ದು ಹೋದ್ರು ಕಾಣ್ತದೆ ಒಡ್ಯಾ" ಎಂದುಬಿಟ್ಟರು. ನಾನು ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದು ಈಗಲೂ ಕುಟುಕುತ್ತದೆ.

ಮಳೆ ಬಂದ ಮೇಲೆ ಬೆಟ್ಟ ಮತ್ತೆ ಹಸಿರಾಯಿತು. ರಸ್ತೆಯಿಂದ ನೋಡಿದವರು ಕಾಡು ಚಿಗುರಿದೆ ಅನ್ನುತ್ತಾರೆ. ಹತ್ತಿರ ಹೋದರೆ ಬರೀ ಅಕೇಶಿಯಾ ಸಸಿ. ಅತ್ತೆ ಪ್ರತಿ ಮಳೆಗಾಲ ಮುರುಗಲು ಬೀಜ ಊರಿ ಬರುತ್ತಾರೆ. ಎರಡು ಮೊಳಕೆ ಬಂದಿದ್ದವು, ಬೇಸಿಗೆಗೆ ಒಣಗಿದವು. ಸಂಕ್ರಾಂತಿ ಬಂತೆಂದರೆ ನಾನು ಹೊಗೆ ಕಂಡಲ್ಲೆಲ್ಲ ಓಡಿ ಹೋಗಿ ನೋಡುತ್ತೇನೆ.

ಅತ್ತೆಗೆ ಎಲ್ಲ ಗೊತ್ತು. ಆದರೂ ಇಂದಿಗೂ ಒಂದು ಮಾತು ಕೇಳಿಲ್ಲ, ನಾನೂ ಹೇಳಿಲ್ಲ. ಅವರಿಗೆ ಓದು ಬರುವುದಿಲ್ಲ. ಇದು ಅಚ್ಚಾಗಿ ಬಂದರೆ ನಾನೇ ಎದುರು ಕುಳಿತು ಓದಿ ಹೇಳುತ್ತೇನೆ.