ಬಿದ್ದವರನ್ನು ಎಬ್ಬಿಸದ ಓರೆಸ್ಟ್ ಮೇಷ್ಟ್ರು

ಹಿಮ ಸುರಿಯುವ ಸಸ್ಕಾಚೆವಾನ್ ಪ್ರಾಂತ್ಯದ ನಮ್ಮೂರಿನಲ್ಲಿ ನಾಲ್ಕು ತುಂಬಿದ ಯಾವ ಮಗುವೂ ಓರೆಸ್ಟ್ ಮೇಷ್ಟ್ರಿಂದ ತಪ್ಪಿಸಿಕೊಳ್ಳಲಾರದು; ಮಂಜುಗಡ್ಡೆಯ ಮೇಲೆ ಜಾರುವುದನ್ನೂ ಹಾಕಿಯ ಕೋಲು ಹಿಡಿಯುವುದನ್ನೂ ಕಲಿಸುವವರು ಅವರೊಬ್ಬರೇ. ಅವರು ಬಿಗಿದ ಸ್ಕೇಟ್ ಬೂಟಿನ ದಾರ ಬಿಚ್ಚಲು ಅವರೇ ಬೇಕು, ಬಿಗಿದ ಮರುಗಳಿಗೆಯೇ ಮಗುವಿಗೆ ಉಚ್ಚೆ ಬರುವುದೂ ಖಂಡಿತ. "ಗೊತ್ತಿತ್ತು ಕಣೋ ನಂಗೆ!" ಎಂದು ಗೊಣಗುತ್ತಲೇ ಬಿಚ್ಚುತ್ತಾರೆ. ಮೊದಲ ಪಾಠ ಬೀಳುವುದು; ಗೋಲು ಗೀಲು ಎಲ್ಲ ಆಮೇಲೆ. ಬಿದ್ದ ಮಗುವನ್ನು ತಾವೂ ಎಬ್ಬಿಸುವುದಿಲ್ಲ, ಬೇರೆಯವರಿಗೂ ಎಬ್ಬಿಸಲು ಬಿಡುವುದಿಲ್ಲ. ಅಮ್ಮಂದಿರು ಓಡಿಬಂದರೆ ಕೋಲು ಅಡ್ಡ ಹಿಡಿದು, "ಹೋಗಿ ಕಾಫಿ ಕುಡೀರಮ್ಮ," ಎನ್ನುತ್ತಾರೆ. ಮಗುವಿಗೆ, "ಬಿದ್ದಿದ್ದಾಯ್ತಲ್ಲ, ಮಂಡಿ ಊರು, ಕೋಲು ಊರು, ಏಳು!" ಎಂದು ಗದರುತ್ತಾರೆ. ಈ ಚಳಿಗಾಲ ಸೊಂಟದ ಆಪರೇಷನ್ ಮುಗಿಸಿ ಬಂದ ಮೇಷ್ಟ್ರು ಮೊದಲ ದಿನವೇ ದೊಪ್ಪನೆ ಬಿದ್ದರು. ನಾವು ಅಪ್ಪ ಅಮ್ಮಂದಿರೆಲ್ಲ ಗಾಬರಿಯಿಂದ ಮಂಜುಗಡ್ಡೆಗೆ ನುಗ್ಗಿದೆವು. ಹೆಲ್ಮೆಟ್ಟಿನ ಪುಟಾಣಿಗಳು ಸಾಲಾಗಿ ನಿಂತು ನಮಗೇ ಕೋಲು ಅಡ್ಡ ಹಿಡಿದರು. "ಹೋಗಿ ಕಾಫಿ ಕುಡೀರಿ," ಎಂದಳು ನನ್ನ ಮಗಳು ಟೆಸ್ಸಾ. ಆಮೇಲೆ ಅತ್ತ ತಿರುಗಿ, "ಬಿದ್ದಿದ್ದಾಯ್ತಲ್ಲ ಮೇಷ್ಟ್ರೇ, ಮಂಡಿ ಊರಿ!" ಎಂದು ಗದರಿದಳು. ಮೇಷ್ಟ್ರು ಮಂಡಿ ಊರಿದರು, ಕೋಲು ಊರಿದರು, ತಡವಾಗಿಯಾದರೂ ಎದ್ದರು. ನಾನು ಚಾಚಿದ್ದ ಕೈಯನ್ನು ತಿರುಗಿಯೂ ನೋಡಲಿಲ್ಲ.