ಟೀ ಅಂಗಡಿಯಲ್ಲಿ ಆಶ್ರಯದ ವಾದ

ನಾನು ಡಿಗ್ರಿ ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ಅಪ್ಪ. ಹದಿನೈದರ ಅಕ್ಕನಿಗೆ ಮದುವೆ ಮಾಡುತ್ತಿದ್ದಾರೆಂದು ಮೇಷ್ಟ್ರಿಗೆ ಹೇಳಿ, ಅಪ್ಪನ ಹೊಡೆತಕ್ಕೆ ಹೆದರಿ ಹುತ್ರಿದುರ್ಗದ ಸೋದರತ್ತೆಯ ಮನೆ ಸೇರಿದ್ದೆ. ಅಪ್ಪ ಕರೆದೊಯ್ಯಲು ಬಂದಾಗಲೆಲ್ಲ ಅತ್ತೆ ಜಗಲಿಯಲ್ಲೇ ಮುದ್ದೆ ಇಕ್ಕಿ ಕಳಿಸಿದರು, ನನ್ನನ್ನು ಒಪ್ಪಿಸಲಿಲ್ಲ.

ಇವತ್ತು ತುಮಕೂರಿನಿಂದ ಡಿಗ್ರಿ ಸರ್ಟಿಫಿಕೇಟ್ ತಂದು ಕುಣಿಗಲ್‌ನಲ್ಲಿ ಇಳಿದರೆ, ಅತ್ತೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಇಬ್ಬರು ಪೇಪರ್ ಹಿಡಿದು ವಾದಕ್ಕಿಳಿದಿದ್ದರು. ತನ್ನ ಸರ್ಕಾರದ ತಪ್ಪು ಬಯಲು ಮಾಡಿ ಓಡಿಹೋದವನೊಬ್ಬನಿಗೆ ಬೇರೆ ದೇಶ ಆಶ್ರಯ ಕೊಟ್ಟಿತ್ತಂತೆ.

"ಮನೆ ಗುಟ್ಟು ಬೀದಿಗಾಕ್ದೋನ್ನ ಹಿಡ್ದು ಒಪ್ಪಿಸ್ಬೇಕು ಕಣ್ಲಾ."

"ನಿಜ ಹೇಳ್ದೋನ್ಗೆ ಜೈಲೇನ್ಲಾ?"

ಅತ್ತೆ ನಡುವೆ ಬಾಯಿ ಹಾಕಿದರು. "ಅಲ್ಲಿ ಅವನ್ಗೆ ಉಣ್ಣಾಕೆ ಯಾರಿಕ್ತಾರಪ್ಪ?"

ಇಬ್ಬರೂ ಮತ್ತೆ ಪೇಪರಿನಲ್ಲಿ ಹುಡುಕತೊಡಗಿದರು. ನಾನು ಸರ್ಟಿಫಿಕೇಟನ್ನು ಅತ್ತೆಯ ಕೈಗಿತ್ತೆ. ಅವರು ಅದನ್ನು ಸೆರಗಿನಿಂದ ಒರೆಸಿ ನೋಡುತ್ತ ಹೇಳಿದರು:

"ಅವನ್ಗೂ ಯಾರೋ ಒಬ್ಳು ಅತ್ತೆ ಸಿಕ್ಕಿರ್ತಾಳೆ ಬುಡು."